ಡಿಸ್ಕಿನೊಳಗೆ ದಾರಿ ತಪ್ಪುವ ಸಿ ಪ್ರೋಗ್ರಾಂ: ಸೀಕ್ ದೋಷ ಎಲ್ಲಿಂದ ಬರುತ್ತದೆ?

ಸಕಲೇಶಪುರ, ಆಲೂರು, ಬೇಲೂರು ಕಡೆಯ ಕಾಫಿ ತೋಟಗಳಲ್ಲಿ ಸಿಸಿ ಕ್ಯಾಮೆರಾ ಈಗ ಹೊಸ ವಿಷಯ ಅಲ್ಲ. ರಾತ್ರಿ ಕಾಡಾನೆ ಯಾವ ಕಡೆಯಿಂದ ಬೇಲಿ ದಾಟಿತು, ಕಣದಲ್ಲಿ ಹರಡಿದ್ದ ಕಾಫಿ ಯಾರ ಪಾಲಾಯಿತು ಅಂತ ನೋಡೋಕೆ ಅದೇ ಗತಿ. ತೊಂದರೆ ಶುರುವಾಗುವುದು ಮಳೆಗಾಲದಲ್ಲಿ. ಸಿಡಿಲಿಗೋ ಕರೆಂಟಿನ ಏರುಪೇರಿಗೋ ಕ್ಯಾಮೆರಾದ ವಿಡಿಯೋ ಉಳಿಸಿಡುವ ಡಿವಿಆರ್ ಪೆಟ್ಟಿಗೆ ಸುಟ್ಟು ಹೋಗುತ್ತದೆ. ಎಷ್ಟೋ ಸಲ ಒಳಗಿನ ಹಾರ್ಡ್ ಡಿಸ್ಕ್‌ಗೆ ಏನೂ ಆಗಿರುವುದಿಲ್ಲ. ಅದನ್ನು ಬಿಚ್ಚಿ ಲ್ಯಾಪ್‌ಟಾಪ್‌ಗೆ ಹಾಕಿದರೆ ವಿಂಡೋಸ್ ಮಾತ್ರ 'ಫಾರ್ಮ್ಯಾಟ್ ಮಾಡಿ' ಅನ್ನುತ್ತದೆ. ದಯವಿಟ್ಟು ಮಾಡಬೇಡಿ. ಡಿಸ್ಕ್ ಖಾಲಿ ಇದೆ ಅಂತ ಅದರ ಅರ್ಥ ಅಲ್ಲ. ಅದರಲ್ಲಿರುವ ಬರವಣಿಗೆ ವಿಂಡೋಸ್‌ಗೆ ಓದಲು ಬರುವುದಿಲ್ಲ, ಅಷ್ಟೇ. ಎಷ್ಟೋ ಡಿವಿಆರ್‌ಗಳು ತಮ್ಮದೇ ಕ್ರಮದಲ್ಲಿ ಡಿಸ್ಕಿಗೆ ಬರೆಯುತ್ತವೆ.

ಆಗ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗನಿಗೋ ಪಕ್ಕದ ಮನೆ ಹುಡುಗಿಗೋ ಕರೆ ಹೋಗುತ್ತದೆ. ಅವರು ಸಿ ಭಾಷೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದು ಡಿಸ್ಕನ್ನು ನೇರವಾಗಿ ಓದಲು ಹೊರಡುತ್ತಾರೆ. ಶುರುವಿನಲ್ಲಿ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಸ್ವಲ್ಪ ಮುಂದೆ ಹೋದ ಮೇಲೆ 'ಇನ್ವ್ಯಾಲಿಡ್ ಆರ್ಗ್ಯುಮೆಂಟ್' ಅಂತ ನಿಲ್ಲುತ್ತದೆ. ಇಲ್ಲವೇ ಯಾವ ದೋಷವನ್ನೂ ಹೇಳದೆ ಮೊದಲು ಓದಿದ್ದನ್ನೇ ಮತ್ತೆ ಕೊಡುತ್ತದೆ. ಎರಡನೆಯದು ಜಾಸ್ತಿ ಅಪಾಯ. ಡಿಸ್ಕಿನಲ್ಲಿ ಬೇಕಾದ ಜಾಗಕ್ಕೆ ಓದನ್ನು ಸರಿಸುವುದಕ್ಕೆ ಸೀಕ್ ಅನ್ನುತ್ತಾರೆ, ಎಡವುವುದು ಅಲ್ಲೇ. ಈ ಎರಡೂ ಯಾಕೆ ಆಗುತ್ತವೆ ಅನ್ನುವುದನ್ನು ಬುಡದಿಂದ ನೋಡೋಣ.

ಕಚ್ಚಾ ಡಿಸ್ಕ್ ಅಂದರೆ

ಸಾಮಾನ್ಯವಾಗಿ ನಮ್ಮ ಪ್ರೋಗ್ರಾಂ ಡಿಸ್ಕಿನ ಜೊತೆ ನೇರವಾಗಿ ಮಾತಾಡುವುದಿಲ್ಲ. ಮಧ್ಯದಲ್ಲಿ ಫೈಲ್‌ಸಿಸ್ಟಮ್ ಇರುತ್ತದೆ. ಎಕ್ಸ್‌ಟಿ4, ಎನ್‌ಟಿಎಫ್‌ಎಸ್, ಫ್ಯಾಟ್32 ಎಲ್ಲ ಅದೇ ಜಾತಿಗೆ ಸೇರಿದವು. ಯಾವ ಫೈಲಿನ ಯಾವ ತುಂಡು ಡಿಸ್ಕಿನಲ್ಲಿ ಎಲ್ಲಿದೆ ಅನ್ನುವ ಲೆಕ್ಕ ಅದರ ಹತ್ತಿರ ಇರುತ್ತದೆ. ಆ ಲೆಕ್ಕವನ್ನು ಪಕ್ಕಕ್ಕಿಟ್ಟು, ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಡಿಸ್ಕನ್ನು ಒಂದೇ ಸಾಲಾಗಿ ಓದಿದರೆ ಅದು ಕಚ್ಚಾ ಓದು.

ಲಿನಕ್ಸ್‌ನಲ್ಲಿ ಇಡೀ ಡಿಸ್ಕಿಗೆ /ಡೆವ್/ಎಸ್‌ಡಿಬಿ ಥರದ ಹೆಸರು ಇರುತ್ತದೆ. ಅದರ ಮೊದಲ ಪಾರ್ಟಿಶನ್ (ಡಿಸ್ಕಿನ ಒಂದು ಪಾಲು) /ಡೆವ್/ಎಸ್‌ಡಿಬಿ1. ಎರಡೂ ಒಂದೇ ಅಂದುಕೊಂಡರೆ ಕೆಟ್ಟಿರಿ. ಈಗಿನ ಡಿಸ್ಕುಗಳಲ್ಲಿ ಮೊದಲ ಪಾರ್ಟಿಶನ್ ಸಾಮಾನ್ಯವಾಗಿ 2048ನೇ ಸೆಕ್ಟರಿನಿಂದ ಶುರುವಾಗುತ್ತದೆ. ಅಂದರೆ ಎಸ್‌ಡಿಬಿ1ರ ಸೊನ್ನೆ ಇಡೀ ಡಿಸ್ಕಿನ ಸೊನ್ನೆಗಿಂತ 10,48,576 ಬೈಟ್ ಮುಂದೆ ಇದೆ. ನಿಮಗೆ ಸಿಗುವ ಮಾಹಿತಿ ಯಾವಾಗಲೂ ಸರಿಯಾಗಿ ಇಷ್ಟೇ ಬೈಟ್ ಆಚೀಚೆ ಆಗುತ್ತಿದ್ದರೆ, ಕೋಡ್ ತಿದ್ದುವ ಮೊದಲು ಯಾವ ಹೆಸರನ್ನು ತೆರೆದಿದ್ದೀರಿ ಅಂತ ನೋಡಿ.

ಸೆಕ್ಟರ್ ಅಂದರೆ ಡಿಸ್ಕ್ ಒಂದು ಸಲಕ್ಕೆ ಕೊಡುವ ಕನಿಷ್ಠ ತುಂಡು. ಬಹುಕಾಲದಿಂದ ಅದು 512 ಬೈಟ್. ಹೊಸ ಡಿಸ್ಕುಗಳು ಒಳಗೆ 4096 ಬೈಟಿನ ಸೆಕ್ಟರ್ ಇಟ್ಟುಕೊಂಡು ಹೊರಗೆ 512 ಅಂತಲೇ ತೋರಿಸುವುದೂ ಉಂಟು.

ಸೀಕ್ ಡಿಸ್ಕನ್ನು ಮುಟ್ಟುವುದೇ ಇಲ್ಲ

ತೆರೆದ ಪ್ರತಿಯೊಂದು ಫೈಲಿಗೂ 'ಮುಂದಿನ ಓದು ಎಲ್ಲಿಂದ' ಅನ್ನುವ ಒಂದು ಸಂಖ್ಯೆಯನ್ನು ಕರ್ನೆಲ್, ಅಂದರೆ ಓಎಸ್‌ನ ತಿರುಳು, ಇಟ್ಟುಕೊಂಡಿರುತ್ತದೆ. ಅದಕ್ಕೆ ಆಫ್‌ಸೆಟ್ ಅನ್ನುತ್ತಾರೆ. ಎಲ್‌ಸೀಕ್ ಅನ್ನುವ ಫಂಕ್ಷನ್ ಮಾಡುವ ಕೆಲಸ ಆ ಸಂಖ್ಯೆಯನ್ನು ಬದಲಾಯಿಸುವುದು. ಅಷ್ಟೇ. ಡಿಸ್ಕಿನ ತಲೆ ಕದಲುವುದಿಲ್ಲ, ಕೇಬಲ್ಲಿನಲ್ಲಿ ಏನೂ ಹರಿಯುವುದಿಲ್ಲ.

ಇದು ಗೊತ್ತಿದ್ದರೆ ಅರ್ಧ ಹುಡುಕಾಟ ಉಳಿಯುತ್ತದೆ. ಡಿಸ್ಕಿನಲ್ಲಿ ಸೆಕ್ಟರ್ ಕೆಟ್ಟಿದ್ದರೆ ಎಲ್‌ಸೀಕ್‌ಗೆ ಅದು ಗೊತ್ತೇ ಆಗುವುದಿಲ್ಲ. ಆ ದೋಷ ಬರುವುದು ಆಮೇಲೆ, ನಿಜವಾಗಿ ಓದುವ ರೀಡ್ ಫಂಕ್ಷನ್‌ನಲ್ಲಿ. ಎಲ್‌ಸೀಕ್ ತಾನೇ ದೋಷ ಕೊಟ್ಟರೆ ಡಿಸ್ಕನ್ನು ಬೈದು ಉಪಯೋಗ ಇಲ್ಲ. ಹೆಚ್ಚಿನ ಸಲ ನೀವು ಕೊಟ್ಟ ಸಂಖ್ಯೆಯೇ ತಪ್ಪಾಗಿರುತ್ತದೆ.

ಮಾಮೂಲಿ ಫೈಲಿಗೂ ಡಿಸ್ಕಿಗೂ ಇಲ್ಲಿ ಇನ್ನೊಂದು ವ್ಯತ್ಯಾಸ ಇದೆ. 1 ಎಂಬಿ ಫೈಲಿನಲ್ಲಿ 5 ಎಂಬಿ ಜಾಗಕ್ಕೆ ಸೀಕ್ ಮಾಡಿದರೂ ಲಿನಕ್ಸ್ ಬೇಡ ಅನ್ನುವುದಿಲ್ಲ, ಯಾಕೆಂದರೆ ಫೈಲ್ ಬೆಳೆಯಬಹುದು. ಡಿಸ್ಕ್ ಬೆಳೆಯುವುದಿಲ್ಲ ಅಲ್ವಾ? ಅದರ ಅಂಚು ದಾಟಿ ಸೀಕ್ ಮಾಡಿದರೆ ಅಲ್ಲೇ 'ಇನ್ವ್ಯಾಲಿಡ್ ಆರ್ಗ್ಯುಮೆಂಟ್' ಬರುತ್ತದೆ. ಡಿಸ್ಕನ್ನು ಹಾಗೇ ನಕಲು ಮಾಡಿದ ಇಮೇಜ್ ಫೈಲಿನ ಮೇಲೆ ನಡೆದ ಪ್ರೋಗ್ರಾಂ ನಿಜವಾದ ಡಿಸ್ಕಿನ ಮೇಲೆ ಮುಗ್ಗರಿಸಲು ಇದೂ ಒಂದು ಕಾರಣ.

2 ಜಿಬಿ ಹತ್ತಿರ ಏನಾಗುತ್ತದೆ

ಈ ವಿಷಯದಲ್ಲಿ ಜನ ಬೀಳುವ ಹಳ್ಳ ಬಹುಮಟ್ಟಿಗೆ ಒಂದೇ. ಸೆಕ್ಟರ್ ನಂಬರಿಗೆ ಒಂದು ಇಂಟ್ (ಪೂರ್ಣಾಂಕದ ಚರ) ಇಟ್ಟುಕೊಳ್ಳುತ್ತಾರೆ. ಅದನ್ನು 512ರಿಂದ ಗುಣಿಸುತ್ತಾರೆ. ಬಂದದ್ದನ್ನು ಎಲ್‌ಸೀಕ್‌ಗೆ ಕೊಡುತ್ತಾರೆ.

ಇಂಟ್ ಸಾಮಾನ್ಯವಾಗಿ 32 ಬಿಟ್. ಅದರಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 2,14,74,83,647. ಅದಕ್ಕಿಂತ ದೊಡ್ಡದು ಬಂದರೆ ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರ್ 99999 ಆದ ಮೇಲೆ 00000ಕ್ಕೆ ತಿರುಗುವ ಹಾಗೆ ಸುತ್ತು ಹೊಡೆಯುತ್ತದೆ. ಒಂದೇ ವ್ಯತ್ಯಾಸ, ಇದು ಸೊನ್ನೆಗೆ ಬರುವ ಮೊದಲು ಮೈನಸ್ ಕಡೆ ಹೋಗಿ ಬರುತ್ತದೆ.

ಅಂಕಿ ಹಾಕಿ ನೋಡೋಣ. 41,94,303ನೇ ಸೆಕ್ಟರ್‌ವರೆಗೆ ಎಲ್ಲ ಸರಿ. 41,94,304 × 512 = 2,14,74,83,648. ಇಂಟ್‌ನಲ್ಲಿ ಹಿಡಿಯುವುದಕ್ಕಿಂತ ಸರಿಯಾಗಿ ಒಂದು ಜಾಸ್ತಿ. ಉತ್ತರ ಮೈನಸ್ 2,14,74,83,648 ಆಗಿಬಿಡುತ್ತದೆ. ಮೈನಸ್ ಜಾಗ ಡಿಸ್ಕಿನಲ್ಲಿ ಇಲ್ಲ, ಆದ್ದರಿಂದ ಎಲ್‌ಸೀಕ್ ದೋಷ ಕೊಡುತ್ತದೆ. 2 ಜಿಬಿಯಿಂದ 4 ಜಿಬಿವರೆಗೆ ಇದೇ ಕಥೆ. ಸೆಕ್ಟರ್ ನಂಬರ್ 83,88,608ಕ್ಕೆ ಬಂದಾಗ ಗುಣಾಕಾರ 4,29,49,67,296. 32 ಬಿಟ್‌ನಲ್ಲಿ ಅದು ನೇರವಾಗಿ ಸೊನ್ನೆ. ಈಗ ಎಲ್‌ಸೀಕ್ ಖುಷಿಯಾಗಿ ಒಪ್ಪುತ್ತದೆ. ನೀವು 4 ಜಿಬಿ ಜಾಗದಲ್ಲಿದ್ದೀನಿ ಅಂದುಕೊಂಡು ಡಿಸ್ಕಿನ ಮೊದಲ ಸೆಕ್ಟರನ್ನು ಓದುತ್ತಿರುತ್ತೀರಿ. ಗುರುವಾರ ರಾತ್ರಿಯ ಆನೆ ಬೇಕಿತ್ತು, ಸೋಮವಾರ ಬೆಳಗಿನ ಖಾಲಿ ಅಂಗಳ ಸಿಗುತ್ತದೆ.

ಇಂಟ್ ಬದಲು ಅನ್‌ಸೈನ್ಡ್ ಇಂಟ್ ಹಾಕಿದರೆ ಸರಿಹೋಯಿತು ಅಂದುಕೊಳ್ಳುವವರಿದ್ದಾರೆ. ನನ್ನ ಪ್ರಕಾರ ಅದು ಇನ್ನೂ ಕೆಟ್ಟದ್ದು. 2ರಿಂದ 4 ಜಿಬಿ ನಡುವೆ ಬರುತ್ತಿದ್ದ ದೋಷ ಮಾಯವಾಗುತ್ತದೆ, 4 ಜಿಬಿ ಆದ ಮೇಲಿನ ಸುಳ್ಳು ಹಾಗೇ ಉಳಿಯುತ್ತದೆ. ಇನ್ನೊಂದು ಮಾತು. ಸೈನ್ಡ್ ಇಂಟ್ ತುಂಬಿ ಹರಿದರೆ ಏನಾಗಬೇಕು ಅಂತ ಸಿ ಭಾಷೆಯ ನಿಯಮ ಹೇಳಿಯೇ ಇಲ್ಲ. ಮೈನಸ್‌ಗೆ ಹೋಗುವುದು ಸಾಮಾನ್ಯವಾಗಿ ಕಾಣುವ ನಡವಳಿಕೆ ಅಷ್ಟೇ. ಕಂಪೈಲರ್ ಬೇರೆ ಏನಾದರೂ ಮಾಡಿದರೂ ಕೇಳುವ ಹಾಗಿಲ್ಲ.

ಇದು ಕಣ್ಣಿಗೆ ಬೀಳದಿರುವುದಕ್ಕೂ ಕಾರಣ ಇದೆ. 1 ಟಿಬಿ ಡಿಸ್ಕಿನಲ್ಲಿ ಸಾಮಾನ್ಯವಾಗಿ 1,95,35,25,168 ಸೆಕ್ಟರ್ ಇರುತ್ತವೆ. ಈ ಸಂಖ್ಯೆ ಇಂಟ್‌ನಲ್ಲಿ ಆರಾಮಾಗಿ ಹಿಡಿಯುತ್ತದೆ! ಹಾಗಾಗಿ ಸೆಕ್ಟರ್ ನಂಬರನ್ನು ಪ್ರಿಂಟ್ ಮಾಡಿ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಹಾಳಾಗುವುದು ಗುಣಿಸುವ ಕ್ಷಣದಲ್ಲಿ.

ಉತ್ತರವನ್ನು ಆಫ್‌ಸೆಟ್‌ಗೆಂದೇ ಇರುವ 64 ಬಿಟ್‌ನ ಆಫ್_ಟಿ ಚರದಲ್ಲಿ ಹಾಕಿಕೊಂಡರೂ ಪ್ರಯೋಜನ ಇಲ್ಲ. ಎಡಗಡೆ ಎಷ್ಟು ದೊಡ್ಡ ಪಾತ್ರೆ ಇಟ್ಟಿದ್ದೀರಿ ಅಂತ ಸಿ ನೋಡುವುದಿಲ್ಲ. ಬಲಗಡೆ ಇಂಟ್ ಮತ್ತು ಇಂಟ್ ಇದ್ದರೆ ಗುಣಾಕಾರ ಇಂಟ್‌ನಲ್ಲೇ ನಡೆಯುತ್ತದೆ, ಹಾಳಾದ ಉತ್ತರ ಆಮೇಲೆ ದೊಡ್ಡ ಪಾತ್ರೆಗೆ ಬೀಳುತ್ತದೆ. ಗುಣಿಸುವ ಮೊದಲೇ ಸೆಕ್ಟರ್ ನಂಬರನ್ನು ಆಫ್_ಟಿಗೆ ಬದಲಾಯಿಸಬೇಕು. ಗುಣಿಸಿದ ಮೇಲೆ ಆವರಣ ಹಾಕಿ ಬದಲಾಯಿಸಿದರೆ ತಡವಾಯಿತು.

ಇದೇ ಜಾತಿಯ ಇನ್ನೂ ಮೂರು ತಪ್ಪು ಹತ್ತಿರದಲ್ಲೇ ಕೂತಿರುತ್ತವೆ. ಕಮಾಂಡ್ ಲೈನ್‌ನಿಂದ ಬೈಟ್ ಆಫ್‌ಸೆಟ್ ತೆಗೆದುಕೊಳ್ಳಲು ಎಟಾಯ್ ಬಳಸುವುದು. ಅದು ಕೊಡುವುದು ಇಂಟ್, ಆ ಜಾಗಕ್ಕೆ ಎಸ್‌ಟಿಆರ್‌ಟುಎಲ್‌ಎಲ್ ಬೇಕು. ಎಲ್‌ಸೀಕ್ ವಾಪಸ್ ಕೊಡುವ ಉತ್ತರವನ್ನು ಇಂಟ್‌ನಲ್ಲಿ ಹಿಡಿಯುವುದು. ಸೀಕ್ ಸರಿಯಾಗಿ ಆಗಿದ್ದರೂ ಮೈನಸ್ ಕಂಡು 'ದೋಷ' ಅಂತ ನಿಮ್ಮ ಪ್ರೋಗ್ರಾಂ ಕೂಗುತ್ತದೆ. ಕೊನೆಯದು, ಪ್ರಿಂಟ್‌ಎಫ್‌ನಲ್ಲಿ ಶೇಕಡಾ ಗುರುತಿನ ಜೊತೆ ಬರೀ 'ಡಿ' ಹಾಕುವುದು. ಒಳಗೆ ಸಂಖ್ಯೆ ಸರಿ ಇದ್ದರೂ ಹೊರಗೆ ತಪ್ಪು ಕಾಣುತ್ತದೆ, ಇಲ್ಲದ ದೋಷ ಹುಡುಕುತ್ತಾ ಸಂಜೆ ಕಳೆಯುತ್ತದೆ. ಲಾಂಗ್ ಲಾಂಗ್‌ಗೆ ಬದಲಾಯಿಸಿ, 'ಎಲ್‌ಎಲ್‌ಡಿ' ಹಾಕಿ ಪ್ರಿಂಟ್ ಮಾಡಿ.

ಲಾಂಗ್ ಎಲ್ಲ ಕಡೆ ಒಂದೇ ಉದ್ದ ಅಲ್ಲ

ಸಿಯ ಇನ್ನೊಂದು ಸೀಕ್ ಫಂಕ್ಷನ್ ಎಫ್‌ಸೀಕ್. ಅದು ತೆಗೆದುಕೊಳ್ಳುವುದು ಲಾಂಗ್ ಅನ್ನುವ ಬಗೆಯ ಸಂಖ್ಯೆ. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ 64 ಬಿಟ್, ಚಿಂತೆ ಇಲ್ಲ. 64 ಬಿಟ್ ವಿಂಡೋಸ್‌ನಲ್ಲಿ ಮಾತ್ರ ಲಾಂಗ್ ಇನ್ನೂ 32 ಬಿಟ್ ಆಗಿಯೇ ಇದೆ. ಮನೆಯ ಉಬುಂಟುವಿನಲ್ಲಿ ಓಡಿದ ಕೋಡ್ ಕಾಲೇಜ್ ಲ್ಯಾಬಿನ ವಿಂಡೋಸ್‌ನಲ್ಲಿ 2 ಜಿಬಿಗೆ ನಿಂತುಬಿಡುವುದು ಇದರಿಂದ.

ರಾಸ್ಪ್‌ಬೆರಿ ಪೈನಲ್ಲಿ 32 ಬಿಟ್ ಓಎಸ್ ಹಾಕಿದ್ದರೆ ಲಾಂಗ್ ಕೂಡ 32, ಸುಮ್ನೆ ಬಿಟ್ಟರೆ ಆಫ್_ಟಿ ಕೂಡ 32 ಆಗಬಹುದು. ಅಲ್ಲಿ 1 ಟಿಬಿ ಡಿಸ್ಕಿನ ಕೊನೆಗೆ ಸೀಕ್ ಮಾಡಿದರೆ ಉತ್ತರ ಹಿಡಿಯಲು ಜಾಗ ಸಾಲದೆ ಈಓವರ್‌ಫ್ಲೋ ಅನ್ನುವ ದೋಷ ಬರುತ್ತದೆ. ಪರಿಹಾರ ಸುಲಭ. _ಫೈಲ್_ಆಫ್‌ಸೆಟ್_ಬಿಟ್ಸ್ ಅನ್ನುವ ಮ್ಯಾಕ್ರೋವನ್ನು 64 ಅಂತ ಘೋಷಿಸಿ, ಎಲ್ಲ ಅಕ್ಷರ ದೊಡ್ಡದು. ಅದು ಮೊದಲ ಹೆಡರ್ ಫೈಲ್‌ಗಿಂತ ಮೇಲೆ ಇರಬೇಕು, ಕೆಳಗೆ ಬರೆದರೆ ಬರೆಯದ ಹಾಗೆ. ಎಫ್‌ಸೀಕ್ ಬಿಟ್ಟು ಎಫ್‌ಸೀಕೋ ಬಳಸಿ.

ಯುನಿಎಸ್‌ಟಿಡಿ ಹೆಡರ್ ಸೇರಿಸಲು ಮರೆತರೂ ಇದೇ ಥರ ಆಗುತ್ತದೆ. ಎಲ್‌ಸೀಕ್ ಇಂಟ್ ಕೊಡುತ್ತದೆ ಅಂತ ಹಳೇ ಕಂಪೈಲರ್ ತಾನೇ ಊಹಿಸಿಕೊಳ್ಳುತ್ತದೆ. ಜಿಸಿಸಿ ಕಂಪೈಲರಿನ 14ನೇ ಆವೃತ್ತಿಯಿಂದ ಹೀಗೆ ಘೋಷಣೆ ಇಲ್ಲದ ಫಂಕ್ಷನ್ ಕರೆದರೆ ಕಂಪೈಲೇ ಆಗುವುದಿಲ್ಲ. ಒಳ್ಳೆಯದೇ ಆಯಿತು.

ಡಿಸ್ಕಿನ ಅಳತೆ ಸೊನ್ನೆ ಅಂತ ಬಂದರೆ

ಫೈಲಿನ ಅಳತೆ ಕೇಳಲು ಎಫ್‌ಸ್ಟ್ಯಾಟ್ ಅಭ್ಯಾಸ ಆಗಿರುತ್ತದೆ. ಬ್ಲಾಕ್ ಡಿವೈಸ್‌ಗೆ, ಅಂದರೆ ಡಿಸ್ಕಿನಂಥದ್ದಕ್ಕೆ, ಅದು ಅಳತೆಯನ್ನು ಸೊನ್ನೆ ಅಂತ ಕೊಡುತ್ತದೆ. 'ಆಫ್‌ಸೆಟ್ ಅಳತೆಗಿಂತ ದೊಡ್ಡದಿದ್ದರೆ ನಿಲ್ಲಿಸು' ಅಂತ ನೀವೇ ಬರೆದ ಕಾವಲು ಆಗ ಮೊದಲ ಸೆಕ್ಟರ್ ದಾಟುತ್ತಿದ್ದ ಹಾಗೇ ನಿಲ್ಲಿಸುತ್ತದೆ. ಲಿನಕ್ಸ್‌ನಲ್ಲಿ ಎರಡು ಸರಿಯಾದ ದಾರಿ ಇದೆ. ಸೀಕ್_ಎಂಡ್ ಹಾಕಿ ಎಲ್‌ಸೀಕ್ ಮಾಡಿದರೆ ಡಿಸ್ಕಿನ ಅಳತೆಯೇ ವಾಪಸ್ ಬರುತ್ತದೆ. ಇಲ್ಲವೇ ಐಓಕಂಟ್ರೋಲ್ ಮೂಲಕ ಬಿಎಲ್‌ಕೆಗೆಟ್‌ಸೈಜ್64 ಕೇಳಿ, ಬೈಟ್‌ಗಳಲ್ಲಿ ಉತ್ತರ ಕೊಡುತ್ತದೆ. ಕೊನೆಯಲ್ಲಿ 64 ಇಲ್ಲದ ಅದರ ಹಳೇ ತಮ್ಮ ಬೈಟ್ ಕೊಡುವುದಿಲ್ಲ, 512ರ ತುಂಡುಗಳ ಲೆಕ್ಕ ಕೊಡುತ್ತಾನೆ. ಟರ್ಮಿನಲ್‌ನಲ್ಲಿ ಬ್ಲಾಕ್‌ಡೆವ್ ಕಮಾಂಡಿಗೆ ಗೆಟ್‌ಸೈಜ್64 ಆಯ್ಕೆ ಕೊಟ್ಟು ಹೋಲಿಸಿ ನೋಡಿ. ನಾನು ಹೇಳಿದ 1 ಟಿಬಿ ಡಿಸ್ಕಿಗೆ 10,00,20,48,86,016 ಬರಬೇಕು.

ಕೆಲವು ಯುಎಸ್‌ಬಿ ಡಬ್ಬಿಗಳು ಡಿಸ್ಕಿನ 512ರ ಸೆಕ್ಟರನ್ನು 4096 ಅಂತ ಬದಲಾಯಿಸಿ ತೋರಿಸುತ್ತವೆ. ಅದಕ್ಕೇ 512 ಅಂತ ಕೋಡ್‌ನಲ್ಲಿ ಅಚ್ಚು ಹಾಕುವ ಬದಲು ಬಿಎಲ್‌ಕೆಎಸ್‌ಎಸ್‌ಜೆಡ್‌ಗೆಟ್ ಕೇಳಿ ತಿಳಿದುಕೊಳ್ಳುವುದು ಕ್ಷೇಮ.

ದೋಷದ ನಂಬರ್ ಓದುವುದು

ಸೀಕ್ ಸೋತರೆ ಮೈನಸ್ ಒಂದು ಬರುತ್ತದೆ, ಕಾರಣ ಎರ್ನೋ ಅನ್ನುವ ಚರದಲ್ಲಿ ಇರುತ್ತದೆ. ಅದನ್ನು ತಕ್ಷಣ ಓದಬೇಕು. ನಡುವೆ ಒಂದು ಪ್ರಿಂಟ್‌ಎಫ್ ನುಗ್ಗಿದರೂ ಅದು ಬದಲಾಗಬಹುದು.

ಲಿನಕ್ಸ್‌ನಲ್ಲಿ 22 ಬಂದರೆ ಈಇನ್‌ವಾಲ್: ಆಫ್‌ಸೆಟ್ ಮೈನಸ್, ಅಥವಾ ಡಿಸ್ಕಿನ ಅಂಚು ದಾಟಿದೆ, ಅಥವಾ ಆರ್ಗ್ಯುಮೆಂಟ್‌ಗಳನ್ನು ಅದಲುಬದಲು ಮಾಡಿದ್ದೀರಿ. ಎಲ್‌ಸೀಕ್‌ನಲ್ಲಿ ಆಫ್‌ಸೆಟ್ ಎರಡನೆಯದು, ಸೀಕ್_ಸೆಟ್ ಮೂರನೆಯದು. ಸೀಕ್_ಸೆಟ್‌ನ ಬೆಲೆ ಸೊನ್ನೆ, ಆದ್ದರಿಂದ ಉಲ್ಟಾ ಬರೆದರೂ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ಆಫ್‌ಸೆಟ್ ಕೂಡ ಸೊನ್ನೆ ಇದ್ದರೆ ಪ್ರೋಗ್ರಾಂ ಕೆಲಸವನ್ನೂ ಮಾಡಿಬಿಡುತ್ತದೆ!

75 ಅಂದರೆ ಮೇಲೆ ಹೇಳಿದ ಈಓವರ್‌ಫ್ಲೋ. 29 ಅಂದರೆ ನೀವು ಸೀಕ್ ಮಾಡುತ್ತಿರುವುದು ಪೈಪಿನ ಮೇಲೆ, ಡಿಸ್ಕಿನ ಮೇಲೆ ಅಲ್ಲ. 9 ಬಂದರೆ ಡಿಸ್ಕ್ ತೆರೆದೇ ಇಲ್ಲ, ಓಪನ್‌ನ ಉತ್ತರ ನೋಡದೆ ಮುಂದೆ ಹೋಗಿದ್ದೀರಿ. ಅಲ್ಲಿ ಸಾಮಾನ್ಯವಾಗಿ ಸಿಗುವುದು 13, ಅಂದರೆ ಅನುಮತಿ ಇಲ್ಲ, ಸುಡೋ ಬೇಕು.

5, ಅಂದರೆ ಈಐಓ, ರೀಡ್‌ನಲ್ಲಿ ಬಂದರೆ ಸಂಗತಿ ಗಂಭೀರ. ಇದು ಡಿಸ್ಕೋ ಕೇಬಲ್ಲೋ ನಿಜವಾಗಿ ಕೆಟ್ಟಿರುವ ಸೂಚನೆ. ಡಿಮೆಸೇಜ್ ಕಮಾಂಡ್ ಕೊಟ್ಟರೆ ಯಾವ ಸೆಕ್ಟರ್ ಅಂತ ಕರ್ನೆಲ್ ಹೇಳುತ್ತದೆ. ಆ ನಂಬರ್ ಯಾವಾಗಲೂ 512ರ ಲೆಕ್ಕದಲ್ಲಿರುತ್ತದೆ. ಹೀಗಾದರೆ ನಿಮ್ಮ ಪ್ರೋಗ್ರಾಮನ್ನು ಮತ್ತೆ ಮತ್ತೆ ಓಡಿಸಿ ಡಿಸ್ಕನ್ನು ದಣಿಸಬೇಡಿ. ಮೊದಲು ಡಿಡಿರೆಸ್ಕ್ಯೂ ಬಳಸಿ ಇಮೇಜ್ ತೆಗೆದುಕೊಳ್ಳಿ, ಆಮೇಲೆ ಆ ಇಮೇಜಿನ ಮೇಲೆ ಎಷ್ಟು ಬೇಕಾದರೂ ಪ್ರಯೋಗ ಮಾಡಿ.

ಕರ್ನೆಲ್‌ನ ಕ್ಯಾಶ್ ಬಿಟ್ಟು ನೇರ ಓದುವ ಓ_ಡೈರೆಕ್ಟ್ ಆಯ್ಕೆ ಹಾಕಿ ಡಿಸ್ಕ್ ತೆರೆದಿದ್ದರೆ ಸೀಕ್ ಪಾಸಾಗಿ ರೀಡ್ 22 ಕೊಡಬಹುದು. ಆ ವಿಧಾನದಲ್ಲಿ ಆಫ್‌ಸೆಟ್, ಓದುವ ಉದ್ದ, ಬಫರಿನ ವಿಳಾಸ ಮೂರೂ ಗಡಿಗೆ ಸರಿಯಾಗಿ ಕೂರಬೇಕು. ಬಫರಿಗೆ ಮಾಲಾಕ್ ಬದಲು ಪಾಸಿಕ್ಸ್_ಮೆಮ್‌ಅಲೈನ್ ಬಳಸಿ. ಅಥವಾ ಓ_ಡೈರೆಕ್ಟ್ ಅನ್ನೇ ಬಿಡಿ, ಈ ಕೆಲಸಕ್ಕೆ ಅದರ ಅವಶ್ಯಕತೆ ಇಲ್ಲ.

ಎಲ್‌ಸೀಕ್ ಮತ್ತು ರೀಡ್ ಎರಡನ್ನೂ ಬಿಟ್ಟು ಪಿರೀಡ್ ಬಳಸುವುದು ನನಗೆ ಹೆಚ್ಚು ಇಷ್ಟ. ಎಲ್ಲಿಂದ, ಎಷ್ಟು ಅಂತ ಒಂದೇ ಕರೆಯಲ್ಲಿ ಹೇಳುತ್ತೀರಿ. ಹಂಚಿಕೊಂಡ ಆಫ್‌ಸೆಟ್ ಇಲ್ಲದಿರುವುದರಿಂದ ಎರಡು ಥ್ರೆಡ್ ಒಂದರ ಕಾಲನ್ನು ಒಂದು ತುಳಿಯುವ ಮಾತೂ ಇಲ್ಲ.

ವಿಂಡೋಸ್‌ನಲ್ಲೇ ಮಾಡಬೇಕು ಅಂದರೆ

ಡಿಸ್ಕಿನ ಹೆಸರು \\.\ಫಿಸಿಕಲ್‌ಡ್ರೈವ್1 ಥರ ಇರುತ್ತದೆ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಬೇಕು. ಸಿ ಕೋಡ್‌ನಲ್ಲಿ ಒಂದೊಂದು ಬ್ಯಾಕ್‌ಸ್ಲ್ಯಾಶನ್ನೂ ಎರಡು ಸಲ ಬರೆಯಬೇಕು. ಓದು ಸೆಕ್ಟರ್ ಗಡಿಯಲ್ಲೇ ಶುರುವಾಗಬೇಕು, ಉದ್ದವೂ ಸೆಕ್ಟರಿನ ಗುಣಕ ಆಗಿರಬೇಕು. ಇಲ್ಲದಿದ್ದರೆ 87ನೇ ದೋಷ. ಕೊನೆಗೆ ಸೀಕ್ ಮಾಡಿ ಅಳತೆ ತಿಳಿಯುವ ಉಪಾಯ ಇಲ್ಲಿ ನಡೆಯುವುದಿಲ್ಲ, ಡಿವೈಸ್‌ಐಓಕಂಟ್ರೋಲ್ ಮೂಲಕ ಕೇಳಬೇಕು. ಎಫ್‌ಸೀಕ್ ಬದಲು ಸೆಟ್‌ಫೈಲ್‌ಪಾಯಿಂಟರ್‌ಎಕ್ಸ್. ಒಂದು ಲಿನಕ್ಸ್ ಪೆನ್‌ಡ್ರೈವ್ ಮಾಡಿಕೊಂಡು ಅದರಿಂದ ಬೂಟ್ ಮಾಡುವುದೇ ಸುಲಭ, ಕೇಳಿದರೆ.

ನಕಲಿ ಡಿಸ್ಕಿನ ಮೇಲೆ ಪರೀಕ್ಷೆ

ಆನೆಯ ವಿಡಿಯೋ ಇರುವ ಡಿಸ್ಕಿನ ಮೇಲೆ ಕಲಿಯುವುದು ಬೇಡ. ಟ್ರಂಕೇಟ್ ಕಮಾಂಡಿನಿಂದ 8 ಜಿಬಿಯ ಖಾಲಿ ಫೈಲ್ ಮಾಡಿ. ಒಳಗೆ ಏನೂ ಬರೆಯದಿರುವ ತನಕ ಅದು ನಿಜವಾದ ಜಾಗ ತಿನ್ನುವುದಿಲ್ಲ. ಅದನ್ನು ಲಾಸ್‌ಸೆಟಪ್‌ನಿಂದ ಲೂಪ್ ಡಿವೈಸ್ ಆಗಿ ಕಟ್ಟಿ. ಈಗ /ಡೆವ್/ಲೂಪ್0 ಥರದ ಹೆಸರಿನಲ್ಲಿ ಒಂದು ಬ್ಲಾಕ್ ಡಿವೈಸ್ ಸಿಗುತ್ತದೆ. ಅಂಚು ದಾಟಿದರೆ ದೋಷ ಕೊಡುವುದೂ ಸೇರಿ ಅದರ ನಡವಳಿಕೆ ಡಿಸ್ಕಿನ ಹಾಗೇ.

ಇದರ ಐದು ಸೆಕ್ಟರ್‌ಗಳಲ್ಲಿ ಗುರುತು ಬರೆಯಿರಿ: 0, 41,94,303, 41,94,304, 83,88,608, ಮತ್ತು ಕೊನೆಯ 1,67,77,215. ಪ್ರತಿಯೊಂದರಲ್ಲೂ ಅದರದೇ ನಂಬರ್ ಇರಲಿ. ಬರೆಯುವುದು ಮಾತ್ರ ನಿಮ್ಮ ಪ್ರೋಗ್ರಾಮಿನಿಂದ ಬೇಡ, ಡಿಡಿ ಕಮಾಂಡಿನಿಂದ ಬರೆಯಿರಿ. ಬರೆಯುವಾಗಲೂ ಓದುವಾಗಲೂ ಒಂದೇ ತಪ್ಪು ಗುಣಾಕಾರ ಇದ್ದರೆ ಎರಡು ತಪ್ಪು ಕೈ ಕುಲುಕಿಕೊಂಡು ಪರೀಕ್ಷೆ ಪಾಸಾಗುತ್ತದೆ. ಡಿಡಿಗೆ ಎಲ್ಲಿ ಬರೆಯಬೇಕು ಅನ್ನುವ ಹೆಸರು ಕೊಡುವಾಗ ಎರಡು ಸಲ ಓದಿ ಎಂಟರ್ ಒತ್ತಿ. ಅದು ಕೇಳಿ ಖಚಿತ ಮಾಡಿಕೊಳ್ಳುವ ಪೈಕಿ ಅಲ್ಲ. ಆ ಹೊತ್ತಿನಲ್ಲಿ ನಿಜವಾದ ಡಿಸ್ಕಿನ ಕೇಬಲ್ ಬಿಚ್ಚಿಟ್ಟಿದ್ದರೆ ಇನ್ನೂ ವಾಸಿ.

ಈಗ ನಿಮ್ಮ ಪ್ರೋಗ್ರಾಂನಿಂದ ಓದಿ. 41,94,303 ಸಿಕ್ಕಿ 41,94,304 ಸಿಗದಿದ್ದರೆ ಸೈನ್ಡ್ ಇಂಟ್ ಕೆಲಸ. 83,88,608 ಕೇಳಿದಾಗ 0 ಅಂತ ಬಂದರೆ ಎಲ್ಲೋ 32 ಬಿಟ್ ಗುಣಾಕಾರ ಉಳಿದುಕೊಂಡಿದೆ. ಕೋಡ್‌ನಲ್ಲಿ ಎಲ್ಲಿ ಅಂತ ಗೊತ್ತಾಗದಿದ್ದರೆ ಎಸ್‌ಟ್ರೇಸ್ ಅಡಿಯಲ್ಲಿ ಓಡಿಸಿ. ಕರ್ನೆಲ್‌ಗೆ ತಲುಪಿದ ನಿಜವಾದ ಆಫ್‌ಸೆಟ್ ಅದರಲ್ಲಿ ಕಾಣುತ್ತದೆ, ಪ್ರಿಂಟ್‌ಎಫ್‌ನ ಹಾಗೆ ಯಾಮಾರಿಸುವುದಿಲ್ಲ.

ನಿಜವಾದ ಡಿಸ್ಕಿಗೆ ಬಂದಾಗ

ಬ್ಲಾಕ್‌ಡೆವ್‌ಗೆ ಸೆಟ್‌ಆರ್‌ಓ ಆಯ್ಕೆ ಕೊಟ್ಟು ಡಿಸ್ಕನ್ನು ಓದಲು ಮಾತ್ರ ಅಂತ ಮಾಡಿ. ಕೋಡ್‌ನಲ್ಲೂ ಓ_ಆರ್‌ಡಿಓನ್ಲಿ ಅಂತಲೇ ತೆರೆಯಿರಿ.

ಸರಿಯಾದ ಜಾಗದಲ್ಲಿದ್ದೀರಾ ಅಂತ ತಿಳಿಯಲು ಡಿಸ್ಕಿನಲ್ಲೇ ಗುರುತುಗಳಿರುತ್ತವೆ. ಪಾರ್ಟಿಶನ್ ಪಟ್ಟಿ ಇರುವ ಡಿಸ್ಕಿನಲ್ಲಿ 510 ಮತ್ತು 511ನೇ ಬೈಟ್ 55, ಎಎ ಅನ್ನುವ ಹೆಕ್ಸ್ ಬೆಲೆ ಆಗಿರುತ್ತವೆ. ಆ ಪಟ್ಟಿ ಜಿಪಿಟಿ ಅನ್ನುವ ಹೊಸ ಕ್ರಮದ್ದಾದರೆ, ಸೊನ್ನೆಯಿಂದ ಎಣಿಸಿದಾಗ ಒಂದನೇ ಸೆಕ್ಟರಿನ ಶುರುವಿನಲ್ಲಿ 'ಇಎಫ್‌ಐ ಪಾರ್ಟ್' ಅನ್ನುವ ಎಂಟು ಅಕ್ಷರ ಸಿಗುತ್ತವೆ, ಅದರ ನಕಲು ಡಿಸ್ಕಿನ ಕಟ್ಟಕಡೆಯ ಸೆಕ್ಟರಿನಲ್ಲಿ ಇರುತ್ತದೆ. ದೊಡ್ಡ ಆಫ್‌ಸೆಟ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಎಕ್ಸ್‌ಟಿ4 ಪಾರ್ಟಿಶನ್‌ನಲ್ಲಿ 1080ನೇ ಬೈಟಿನಿಂದ 53, ಇಎಫ್ ಇರುತ್ತದೆ.

ಡಿವಿಆರ್ ಡಿಸ್ಕಿನಲ್ಲಿ ಇದ್ಯಾವುದೂ ಇಲ್ಲದಿರಬಹುದು. ಆಗ ವಿಡಿಯೋವನ್ನೇ ಹುಡುಕಬೇಕು. ಡಿವಿಆರ್‌ಗಳಲ್ಲಿ ವಿಡಿಯೋ ಕುಗ್ಗಿಸಲು ಎಚ್.264 ಅನ್ನುವ ಕ್ರಮದ ಬಳಕೆ ಸಾಮಾನ್ಯ. ಅದರಲ್ಲಿ ಹೊಸ ತುಣುಕು 00 00 00 01 ಅನ್ನುವ ನಾಲ್ಕು ಬೈಟಿನಿಂದ ಶುರುವಾಗುವುದು ರೂಢಿ. ಅದರ ಹಿಂದೆಯೇ 67 ಕಂಡರೆ ಅಲ್ಲಿ ಚಿತ್ರದ ಅಗಲ, ಎತ್ತರ ಹೇಳುವ ಭಾಗ ಇದೆ ಅಂತ ಲೆಕ್ಕ. ಅಲ್ಲಿಂದ ಕೆಲವು ಎಂಬಿ ಕತ್ತರಿಸಿ ಬೇರೆ ಫೈಲಿಗೆ ಹಾಕಿ ವಿಡಿಯೋ ಆಡಿಸುವ ಎಫ್‌ಎಫ್‌ಪ್ಲೇಗೆ ಕೊಡಿ. ತಯಾರಕರು ನಡುನಡುವೆ ತಮ್ಮದೇ ಬೈಟ್‌ಗಳನ್ನು ತುರುಕಿದ್ದರೆ ಚಿತ್ರ ಅಲ್ಲಲ್ಲಿ ಒಡೆಯುತ್ತದೆ. ಅದು ಸೀಕ್ ದೋಷ ಅಲ್ಲ, ಅವುಗಳನ್ನು ಸೋಸಿ ತೆಗೆಯಲು ಇನ್ನೊಂದು ಪ್ರೋಗ್ರಾಂ ಬರೆಯಬೇಕು.